ಬಿಜೂರಿನ ಪಾಲುಪಟ್ಟಿಗೂ ಹೇಗ್ ಕೋರ್ಟಿನ ರಾಯರಿಗೂ ಎಂತ ಸಂಬಂಧ?

ಬಿಜೂರು, ಉಪ್ಪುಂದ, ನಾವುಂದ, ಕಿರಿಮಂಜೇಶ್ವರ. ಈ ಊರುಗಳಲ್ಲಿ ಮದುವೆಯಾಗಿ ಹೋದ ಹೆಣ್ಣುಮಗಳು ಒಂದು ದಿನ ತವರಿಗೆ ಬಂದು, ಅಣ್ಣನ ಜೊತೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ರುಜುವೋ ಹೆಬ್ಬೆಟ್ಟೋ ಹಾಕಿ, ಸಂಜೆ ಬಸ್ಸಿಗೆ ಗಂಡನ ಮನೆಗೆ ವಾಪಸಾಗುವುದು ಹೊಸ ಸುದ್ದಿಯಲ್ಲ. ಆ ಕಾಗದದ ಹೆಸರು ಹಕ್ಕು ಬಿಡುಗಡೆ ಪತ್ರ. ಒಳಗೆ ಏನು ಬರೆದಿದೆ ಎಂದು ಓದಿ ನೋಡಿದವರು ಕಡಿಮೆ. “ಮದಿಗೆ ಅಷ್ಟ್ ಖರ್ಚ್ ಮಾಡ್ಲಿಲ್ಯಾ? ಮತ್ತೆಂತ ಪಾಲು?” ಎನ್ನುವ ಮಾತು ಅಂಗಡಿ ಜಗಲಿಯಲ್ಲಿ ಇವತ್ತಿಗೂ ಉಂಟು.

ಆ ಪಾಲು ಎನ್ನುವ ಹಕ್ಕು ಎಲ್ಲಿಂದ ಬಂತು? ದಿಲ್ಲಿಯಿಂದ ಬಂತು ಎಂದರೆ ಅರ್ಧ ಉತ್ತರ. ಅದರ ಮೊದಲ ಕರಡಿನ ಮೇಲೆ ಇದೇ ಕರಾವಳಿಯ ಒಬ್ಬರ ಹೆಸರಿದೆ: ಬೆನಗಲ್ ನರಸಿಂಗ ರಾಯರು, ಸರ್ ಬಿ.ಎನ್. ರಾವ್.

ಬೆನಗಲ್ ಬ್ರಹ್ಮಾವರ ಸೀಮೆಯ ಊರು. ಚಿತ್ರಾಪುರ ಸಾರಸ್ವತರಲ್ಲಿ ಮನೆತನಗಳಿಗೆ ಊರಿನ ಹೆಸರೇ ಅಡ್ಡಹೆಸರು. ಬಿಜೂರು, ಬೈಂದೂರು, ತ್ರಾಸಿ, ಪಡುಕೋಣೆ, ಹಟ್ಟಿಯಂಗಡಿ, ಬಸ್ರೂರು: ಮುಂಬೈ, ಪುಣೆಯ ಮನೆ ಬಾಗಿಲುಗಳ ಮೇಲಿನ ಈ ಹೆಸರುಗಳನ್ನು ಸಾಲಾಗಿ ಬರೆದರೆ ಇಲ್ಲಿನ ಬಸ್ಸಿನ ಬೋರ್ಡಿನ ಹಾಗೆ ಕಾಣುತ್ತದೆ. ರಾಯರು ಹುಟ್ಟಿದ್ದು 1887ರಲ್ಲಿ. ತಂದೆ ಡಾಕ್ಟರು. ಓದಿದ್ದು ಮಂಗಳೂರಿನ ಕೆನರಾ ಹೈಸ್ಕೂಲು, ಮದ್ರಾಸು, ಆಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು. ತಮ್ಮಂದಿರಲ್ಲಿ ರಾಮ ರಾಯರು ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಶಿವ ರಾಯರು ಪತ್ರಕರ್ತರಾಗಿ, 1952ರಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೂ ಹೋದರು.

ಊರಿನಲ್ಲಿ ಕಾನೂನು ಬಲ್ಲ ದೊಡ್ಡವರನ್ನೆಲ್ಲ ಬ್ಯಾರಿಸ್ಟರ್ ಎನ್ನುವ ರೂಢಿ ಇತ್ತು. ಇವರು ಮಾತ್ರ ಗೌನು ತೊಟ್ಟು ಕಕ್ಷಿಗಾರರ ಕೇಸು ನಡೆಸಿದವರಲ್ಲ. 1909ರಲ್ಲಿ ಐ.ಸಿ.ಎಸ್. ಪಾಸಾಗಿ ಬಂಗಾಳ, ಅಸ್ಸಾಂ ಕಡೆ ಜಿಲ್ಲಾ ಕೋರ್ಟುಗಳಲ್ಲಿ ಕೂತವರು. ಮುಂದೆ ಕಲ್ಕತ್ತಾ ಹೈಕೋರ್ಟಿನ ಜಡ್ಜಿ. ಆದರೆ ಸಂಸಾರದ ಕಾನೂನು, ದೇಶದ ಕಾನೂನು, ದೇಶದೇಶಗಳ ನಡುವಿನ ಕಾನೂನು, ಈ ಮೂರಕ್ಕೂ ಕೈ ಹಾಕಿದ ಇನ್ನೊಬ್ಬರು ಈ ಜಿಲ್ಲೆಯ ಮೂಲದವರಲ್ಲಿ ಸಿಕ್ಕುವುದು ಕಷ್ಟ.

ಸಂಸಾರದ ಕಾನೂನಿನ ಕಥೆ ಹೀಗೆ. 1937ರಲ್ಲಿ ಹಿಂದೂ ವಿಧವೆಯರಿಗೆ ಗಂಡನ ಆಸ್ತಿಯಲ್ಲಿ ಪಾಲು ಕೊಡುವ ಕಾಯ್ದೆಯೊಂದು ಬಂತು. ಬಂದದ್ದು ಅರೆಮನಸ್ಸಿನಿಂದ: ಆಕೆ ಬದುಕಿರುವಷ್ಟು ದಿನ ಅನುಭವಿಸಬಹುದು, ಮಾರುವ ಹಾಗಿಲ್ಲ. ಮಗಳ ಗತಿ ಏನು ಎಂಬುದಂತೂ ಗೊಂದಲ. ಈ ಗಂಟು ಬಿಡಿಸಲು 1941ರ ಜನವರಿಯಲ್ಲಿ ಸರ್ಕಾರ ಸಮಿತಿ ಮಾಡಿ ರಾಯರನ್ನು ಅಧ್ಯಕ್ಷರನ್ನಾಗಿ ಕೂರಿಸಿತು. ಒಂದು ಗಂಟು ಬಿಡಿಸಲು ಹೋದರೆ ಹತ್ತು ಗಂಟು ಕಾಣುತ್ತದೆ, ಇಡೀ ಹಿಂದೂ ಕಾನೂನನ್ನೇ ಸಂಹಿತೆಯಾಗಿ ಬರೆಯಬೇಕು ಎಂದಿತು ಸಮಿತಿ. 1944ರಲ್ಲಿ ಮತ್ತೆ ಕೂತು ಕರಡು ಬರೆದು, ಪ್ರಾಂತ ಪ್ರಾಂತಕ್ಕೆ ಹೋಗಿ ಜನರ ಅಭಿಪ್ರಾಯ ಕೇಳಿತು. ವಿರೋಧಕ್ಕೆ ಕಡಿಮೆ ಇರಲಿಲ್ಲ. ಸಮಿತಿಯೊಳಗೇ ದ್ವಾರಕಾನಾಥ ಮಿತ್ರರು ಬೇರೆ ಅಭಿಪ್ರಾಯ ಬರೆದರು. ವೀಲುನಾಮೆ ಬರೆಯದೆ ತಂದೆ ಸತ್ತರೆ ಹೆಂಡತಿ, ಮಗನ ಜೊತೆ ಮಗಳೂ ವಾರಸುದಾರಳು, ಮಗನಿಗೆ ಒಂದಾದರೆ ಮಗಳಿಗೆ ಅರ್ಧ. ಒಬ್ಬನಿಗೆ ಒಬ್ಬಳೇ ಹೆಂಡತಿ. ಬೇಕಾದ ಕಾರಣಕ್ಕೆ ವಿಚ್ಛೇದನ. ಇಷ್ಟಕ್ಕೇ ದೇಶದಲ್ಲಿ ಗಲಾಟೆ ಎದ್ದಿತು.

ಕುಂದಾಪುರ ತಾಲೂಕಿನವರಿಗೆ ಇದರಲ್ಲಿ ನಗು ಬರಬೇಕಾದ ವಿಷಯ ಒಂದಿದೆ. ಉತ್ತರದ ಪಂಡಿತರು ‘ಧರ್ಮ ಹೋಯ್ತು’ ಎಂದು ಎದೆ ಬಡಿದುಕೊಂಡ ಸಂಗತಿಗಳಲ್ಲಿ ಹಲವು ಇಲ್ಲಿನ ನಾಡವರ, ಬಿಲ್ಲವರ, ಮೊಗವೀರರ ಮನೆಗಳಲ್ಲಿ ಅಜ್ಜಿಯ ಕಾಲದಿಂದ ನಡೆದು ಬಂದದ್ದೇ. ಬಿಡುಗಡೆ ಇತ್ತು, ವಿಧವೆಗೆ ಮರುಮದುವೆ ಇತ್ತು, ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಭೂತಾಳ ಪಾಂಡ್ಯನ ಹೆಸರು ಹೇಳುವ ಅಳಿಯಕಟ್ಟು ಅದು. ಕುಟುಂಬದಲ್ಲಿ ಹಿರಿಯಳು ಹೆಂಗಸಾದರೆ ಆಕೆಯೇ ಎಜಮಾನ್ತಿ ಆಗಬಹುದಿತ್ತು. ಅದೇ ಊರಿನ ಬ್ರಾಹ್ಮಣರ, ಸಾರಸ್ವತರ ಮನೆಗಳಲ್ಲಿ, ಎಂದರೆ ರಾಯರ ಸ್ವಂತ ಜಾತಿಯಲ್ಲಿ, ಮಕ್ಕಳಕಟ್ಟು. ಅಲ್ಲಿ ಮಗಳಿಗೆ ಮದುವೆಯ ಖರ್ಚು ಬಿಟ್ಟರೆ ಹೆಚ್ಚಿನದು ಇಲ್ಲ. ಒಂದೇ ತೋಡಿನ ಆಚೆ ಈಚೆ ಎರಡು ಬಗೆಯ ಹೆಣ್ಣು ಜನ್ಮ!

ಹಾಗೆಂದು ಅಳಿಯಕಟ್ಟನ್ನು ಸ್ವರ್ಗ ಎಂದು ಹಾಡಿ ಹೊಗಳುವ ಅಗತ್ಯವೂ ಇಲ್ಲ. ಆಸ್ತಿ ಹೆಂಗಸರ ಹೆಸರಿನಲ್ಲಿ ಇಳಿದರೂ ಯಜಮಾನಿಕೆ ಹೆಚ್ಚಾಗಿ ಸೋದರಮಾವನದ್ದು. ಕುಟುಂಬ ಒಡೆಯಬೇಕಾದರೆ ಎಲ್ಲರೂ ಒಪ್ಪಬೇಕಿತ್ತು. ಒಬ್ಬರು ತಲೆ ಅಲ್ಲಾಡಿಸಿದರೆ ಮುಗಿಯಿತು. ಕವರುಗಳು ಪಾಲು ಕೇಳಬಹುದು ಎಂದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ. ಆಗ ಕುಂದಾಪುರ ಮದ್ರಾಸಿಗೆ ಸೇರಿತ್ತು.

ಸಂಹಿತೆ ಮುಂದೆ ಡಾ. ಅಂಬೇಡ್ಕರರ ಕೈಗೆ ಹೋಯಿತು. ಅವರು ಮಗಳ ಅರ್ಧ ಪಾಲನ್ನು ಪೂರ್ತಿ ಮಾಡಿದರು. ಪಾರ್ಲಿಮೆಂಟಿನಲ್ಲಿ ಮಸೂದೆ ಮುಂದೆ ಹೋಗದೆ 1951ರಲ್ಲಿ ರಾಜೀನಾಮೆ ಕೊಟ್ಟರು. ಕೊನೆಗೆ 1955-56ರಲ್ಲಿ ಅದು ನಾಲ್ಕು ತುಂಡಾಗಿ ಪಾಸಾಯಿತು: ವಿವಾಹ, ಉತ್ತರಾಧಿಕಾರ, ಪೋಷಕತ್ವ, ದತ್ತಕ ಮತ್ತು ಜೀವನಾಂಶ. ಅಷ್ಟರಲ್ಲಿ ರಾಯರು ಇರಲಿಲ್ಲ.

ಆ ನಡುವೆ ಅವರು ಎಲ್ಲಿದ್ದರು? 1946ರಿಂದ ಸಂವಿಧಾನ ಸಭೆಯ ಸಲಹೆಗಾರರು, ಅದೂ ಸಂಬಳವಿಲ್ಲದೆ. ಅಂಬೇಡ್ಕರರ ಸಮಿತಿ ತಿದ್ದಲು ಕೂತ ಮೊದಲ ಕರಡು ರಾಯರದ್ದು. 1949ರ ನವೆಂಬರಿನ ಭಾಷಣದಲ್ಲಿ ಅಂಬೇಡ್ಕರರೇ ಅದನ್ನು ಹೇಳಿದ್ದಾರೆ. 1949ರಲ್ಲಿ ಅಮೆರಿಕೆಯ ಲೇಕ್ ಸಕ್ಸೆಸ್‌ನಲ್ಲಿ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ ಮೊದಲ ಬಾರಿ ಕೂತಾಗ ಅದರ ಸದಸ್ಯರಲ್ಲಿ ಇವರೊಬ್ಬರು. ಜಾತಿ-ಲಿಂಗ-ಭಾಷೆ-ಮತ ನೋಡದೆ ತನ್ನ ಕೈಕೆಳಗಿನ ಎಲ್ಲರ ಮಾನವ ಹಕ್ಕನ್ನು ಗೌರವಿಸುವುದು ಪ್ರತಿ ರಾಜ್ಯದ ಕರ್ತವ್ಯ ಎಂಬ ಮಾತು ಆ ಆಯೋಗದ ಆ ವರ್ಷದ ಕರಡು ಘೋಷಣೆಯಲ್ಲಿದೆ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಹೊತ್ತಿಕೊಂಡಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಇದ್ದವರೂ ಇವರೇ. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಜಡ್ಜಿ. 1953ರ ನವೆಂಬರ್ 30ರಂದು ಜೂರಿಕ್‌ನಲ್ಲಿ ತೀರಿಕೊಂಡರು.

ಹೇಗ್‌ಗೂ ಅಡುಗೆಮನೆಗೂ ಎಷ್ಟು ದೂರ ಎಂದು ಕೇಳುವವರಿಗೆ ಒಂದು ಕೇಸು ಸಾಕು. ಲೇಖಕಿ ಗೀತಾ ಹರಿಹರನ್ ತನ್ನ ಚಿಕ್ಕ ಮಗನ ಹೆಸರಿಗೆ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ಹೋದರೆ, ತಂದೆಯ ರುಜು ತನ್ನಿ ಎಂದಿತು ಬ್ಯಾಂಕು. (ರಾಯರ ತಮ್ಮ ಒಂದು ಕಾಲಕ್ಕೆ ಗವರ್ನರ್ ಆಗಿದ್ದ ಬ್ಯಾಂಕೇ!) 1956ರ ಪೋಷಕತ್ವ ಕಾಯ್ದೆಯಲ್ಲಿ ‘ತಂದೆ, ಅವನ ನಂತರ ತಾಯಿ’ ಎಂದಿದೆ. 1999ರಲ್ಲಿ ಸುಪ್ರೀಂ ಕೋರ್ಟು ‘ನಂತರ’ ಎಂದರೆ ಗಂಡ ಸತ್ತ ಮೇಲೆ ಎಂದಷ್ಟೇ ಅಲ್ಲ, ಆತ ಮಗುವಿನ ಉಸಾಬರಿ ನೋಡದಿದ್ದಾಗ ಕೂಡ ಎಂದು ಅರ್ಥ ಮಾಡಿತು. ಹಾಗೆ ಮಾಡಲು ಸಂವಿಧಾನದ ಜೊತೆ ವಿಶ್ವಸಂಸ್ಥೆಯ 1979ರ ಮಹಿಳಾ ಒಪ್ಪಂದವನ್ನೂ ಆಧಾರ ಇಟ್ಟುಕೊಂಡಿತು. ಆ ಒಪ್ಪಂದಕ್ಕೆ ಭಾರತ 1993ರಲ್ಲಿ ಬದ್ಧವಾಯಿತು ಹೌದು, ಆದರೆ ಒಂದು ಕೊಕ್ಕೆ ಇಟ್ಟು: ಯಾವುದೇ ಸಮುದಾಯದ ಖಾಸಗಿ ವಿಷಯಕ್ಕೆ ಅವರಾಗಿ ಮುಂದೆ ಬಂದು ಒಪ್ಪದೆ ಕೈ ಹಾಕುವುದಿಲ್ಲ ಎಂದು. ಸಮುದಾಯ ಎಂದರೆ ಅದರಲ್ಲಿ ಹೆಂಗಸರೂ ಸೇರಿದರೋ ಇಲ್ಲವೋ, ಅದನ್ನು ಬರೆದಿಲ್ಲ.

ಇನ್ನು ಊರಿನ ಲೆಕ್ಕ. ಬಿಜೂರಿನಲ್ಲಿ ರೈಲ್ವೆ ಸ್ಟೇಶನ್ ಬಂತು, ಹೆದ್ದಾರಿ ಅಗಲವಾಯಿತು, ಗದ್ದೆಯ ಬೆಲೆ ಸೆಂಟ್ಸಿನ ಲೆಕ್ಕಕ್ಕೆ ಇಳಿಯಿತು. 1974ರ ನಂತರ ಡಿಕ್ಲರೇಶನ್‌ನಲ್ಲಿ ಒಬ್ಬರ ಹೆಸರಿಗೆ ಆದ ಜಾಗಕ್ಕೂ ಈಗ ಮೂರನೇ ತಲೆಮಾರು ಬಂದಿದೆ. ಹಾಗಾಗಿ ಕೆಲವು ಸಂಗತಿ ಗೊತ್ತಿರುವುದು ಒಳ್ಳೆಯದು. ಮಕ್ಕಳಕಟ್ಟಿನ ಮನೆಗಳಲ್ಲಿ ಕರ್ನಾಟಕದ 1994ರ ತಿದ್ದುಪಡಿ ಮಗಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತು, ಆದರೆ ಆಗಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಬೇಲಿ ತೆಗೆಯಿತು. 2005ರಲ್ಲಿ ತಂದೆ ಬದುಕಿರಲೇಬೇಕು ಎಂದೇನಿಲ್ಲ, ಹಕ್ಕು ಹುಟ್ಟಿನಿಂದಲೇ ಬರುವುದು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಆಗಿಹೋದ ಪಾಲು, ಮಾರಾಟಗಳು ಇದರಿಂದ ಅಲ್ಲಾಡುವುದಿಲ್ಲ.

ಅಳಿಯಕಟ್ಟಿನವರಿಗೆ 1956ರ ಕಾಯ್ದೆಯ 17ನೇ ಕಲಮು ಬೇರೆ ಇದೆ. ವೀಲುನಾಮೆ ಇಲ್ಲದೆ ಹೆಂಗಸು ತೀರಿಕೊಂಡರೆ ಬೇರೆಯವರಲ್ಲಿ ಮಕ್ಕಳ ಜೊತೆ ಗಂಡನಿಗೂ ಪಾಲು. ಇಲ್ಲಿ ಮೊದಲು ಮಕ್ಕಳು ಮತ್ತು ತಾಯಿ, ಗಂಡನ ಸರದಿ ಆಮೇಲೆ. ಅಜ್ಜಿಯ ಮನೆಯ ಕಟ್ಟಳೆಯಲ್ಲಿ ಉಳಿದ ಚೂರು ಇದು. ಎಷ್ಟೋ ಮನೆಗಳಲ್ಲಿ ಗಂಡಸರಿಗೂ ಇದು ತಿಳಿಯದು.

ಆದರೆ ಯಾವ ಕಲಮು ಇದ್ದರೇನು, ರಿಜಿಸ್ಟರ್ ಆದ ಬಿಡುಗಡೆ ಪತ್ರದ ಮುಂದೆ? ಮೋಸದಿಂದಲೋ ಬಲವಂತದಿಂದಲೋ ಬರೆಸಿಕೊಂಡರು ಎಂದು ಆಮೇಲೆ ಕೋರ್ಟಿನಲ್ಲಿ ಸಾಬೀತು ಮಾಡುವುದು ಬಾಯಿಮಾತಿನ ಕೆಲಸವಲ್ಲ. ರುಜು ಹಾಕುವ ಮೊದಲು ಕೇಳಲು ಜಾಗ ಉಂಟು. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಂಗಸರಿಗೆ ವರಮಾನ ಎಷ್ಟೇ ಇರಲಿ ವಕೀಲರ ನೆರವು ಉಚಿತ. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಆಯಿತು. “ಅಣ್ಣನ ಮೇಲೆ ಕೋರ್ಟಿಗೆ ಹೋಪ್ದಾ?” ಎಂದು ಹಿಂಜರಿಯುವವರೇ ಹೆಚ್ಚು. ತವರಿನ ದಾರಿ ಮುಚ್ಚಿದರೆ ಹಬ್ಬಕ್ಕೆ ಕರೆಯುವವರು ಯಾರು ಎಂಬ ಭಯ ಸುಳ್ಳೂ ಅಲ್ಲ.

ರಾಯರ ಸಮಿತಿ ಹೇಳಿದ ಇನ್ನೊಂದು ಮಾತು ಬಾಕಿ ಇದೆ. ಹುಟ್ಟಿನಿಂದ ಬರುವ ಅವಿಭಕ್ತ ಕುಟುಂಬದ ಹಕ್ಕನ್ನೇ ತೆಗೆದುಹಾಕಿ, ಪ್ರತಿಯೊಬ್ಬರ ಆಸ್ತಿ ಅವರವರದ್ದೇ ಎಂದು ಮಾಡಿ ಎಂದಿತ್ತು ಅದು. ಪಕ್ಕದ ಕೇರಳ 1975ರಲ್ಲಿ ಕಾಯ್ದೆ ತಂದು ಅದನ್ನು ಮಾಡಿ ಮುಗಿಸಿತು. ರಾಯರ ತವರು ರಾಜ್ಯ ಇನ್ನೂ ಮಾಡಿಲ್ಲ.