ಟೀಮ್ ವೇಗ ಹೆಚ್ಚಬೇಕಾ? ಗಂಟೆ ಎಣಿಸೋದು ಬಿಡಿ, ಕ್ಯೂ ಎಣಿಸಿ

ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಅಂತ ಇನ್ಫೋಸಿಸ್ ಸಹ-ಸಂಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿ ಹೇಳಿದ್ದು 2023ರ ಅಕ್ಟೋಬರ್‌ನಲ್ಲಿ. ಮರುವರ್ಷ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆವರೆಗೂ ಎಳೆಯಲು ದಾರಿ ಮಾಡಿಕೊಡುವ ಪ್ರಸ್ತಾವ ಕರ್ನಾಟಕ ಸರ್ಕಾರದ ಮುಂದೆಯೇ ಬಂತು. ನೌಕರರ ಸಂಘ ಕೆಐಟಿಯು ಅದರ ವಿರುದ್ಧ ಬೀದಿಗಿಳಿಯಿತು. ಆರೋಗ್ಯ, ಕುಟುಂಬ, ಕಾನೂನು ಎಲ್ಲದರ ಬಗ್ಗೆಯೂ ಚರ್ಚೆ ಆಯ್ತು. ಆದರೆ ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ: ಸಾಫ್ಟ್‌ವೇರ್ ಟೀಮ್ ಹೆಚ್ಚು ಹೊತ್ತು ಕೂತರೆ ಕೆಲಸ ಬೇಗ ಮುಗಿಯುತ್ತಾ?

ಇದಕ್ಕೆ ಉತ್ತರ ಹುಡುಕೋದನ್ನೇ ವೃತ್ತಿ ಮಾಡಿಕೊಂಡವರಿದ್ದಾರೆ. ಕಂಪನಿಗಳಲ್ಲಿ ಅವರಿಗೆ ‘ಅಜೈಲ್ ಕೋಚ್’ ಅಂತಾರೆ. ಎರಡು ದಿನದ ಕೋರ್ಸ್ ಮುಗಿಸಿ, ಸರ್ಟಿಫಿಕೇಟ್ ಹಿಡಿದು, ದಿನಾ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಹಾಜರಿ ತಗೊಳ್ಳುವವರೂ ಇವರಲ್ಲಿ ಇದ್ದಾರೆ, ಅವರನ್ನು ಪಕ್ಕಕ್ಕಿಡೋಣ. ಕೆಲಸ ಗೊತ್ತಿರುವ ಕೋಚ್ ಟೀಮಿಗೆ ಕಾಲಿಟ್ಟಾಗ ಮನುಷ್ಯರನ್ನು ಅಳೆಯಲು ಹೋಗಲ್ಲ. ಒಂದು ಕೆಲಸವನ್ನು ಆರಿಸಿಕೊಂಡು ಅದರ ಹಿಂದೆ ಹೋಗ್ತಾರೆ.

ಉದಾಹರಣೆಗೆ, ಒಂದು ಆ್ಯಪ್‌ನಲ್ಲಿ ಪಾವತಿ ಪುಟದ ಸಣ್ಣ ಬದಲಾವಣೆ ಅಂತಿಟ್ಟುಕೊಳ್ಳಿ. ಕೋಡ್ ಬರೆಯಲು ಮೂರು ಗಂಟೆ ಸಾಕು. ಆಮೇಲೆ ಅದನ್ನು ಹಿರಿಯರೊಬ್ಬರು ನೋಡಿ ಒಪ್ಪಬೇಕು. ಅವರು ಮೀಟಿಂಗ್‌ನಲ್ಲಿದ್ದಾರೆ, ಎರಡು ದಿನ. ಟೆಸ್ಟಿಂಗ್ ಸರ್ವರ್ ಬೇರೆ ಟೀಮಿನ ಕೈಲಿದೆ, ಮೂರು ದಿನ. ಬಿಡುಗಡೆಗೆ ಮೇಲಿನವರ ಅನುಮತಿ ಬೇಕು, ಅದು ಸಿಗೋದು ಗುರುವಾರ ಮಾತ್ರ. ಹೀಗೆ ಮೂರು ಗಂಟೆಯ ಕೆಲಸ ಬಳಕೆದಾರರನ್ನು ಮುಟ್ಟೋ ಹೊತ್ತಿಗೆ ಎರಡು ವಾರ. ಇಲ್ಲಿ ಕೋಡ್ ಬರೆದವಳು ರಾತ್ರಿ ಹನ್ನೊಂದರವರೆಗೆ ಕೂತಿದ್ದರೆ ಉಳೀತಾ ಇದ್ದದ್ದು ಎಷ್ಟು? ಹೆಚ್ಚೆಂದರೆ ಒಂದೆರಡು ಗಂಟೆ. ಹೋಗಿದ್ದೆಲ್ಲಾ ಕಾಯೋದರಲ್ಲಿ.

ಈ ಕಾಯುವಿಕೆಗೆ ಒಂದು ಲೆಕ್ಕ ಇದೆ. 1961ರಲ್ಲಿ ಜಾನ್ ಲಿಟಲ್ ಸಾಬೀತು ಮಾಡಿದ್ದು. ಅರ್ಧಕ್ಕೆ ನಿಂತಿರುವ ಕೆಲಸಗಳ ಸಂಖ್ಯೆಯನ್ನು ವಾರಕ್ಕೆ ಮುಗಿಯುವ ಕೆಲಸಗಳಿಂದ ಭಾಗಿಸಿ; ಒಂದು ಕೆಲಸಕ್ಕೆ ಸರಾಸರಿ ಎಷ್ಟು ವಾರ ಹಿಡಿಯುತ್ತೆ ಅನ್ನೋದು ಸಿಗುತ್ತೆ. ಟೀಮ್ ವಾರಕ್ಕೆ 6 ಕೆಲಸ ಮುಗಿಸುತ್ತೆ, 18 ಕೆಲಸ ಒಟ್ಟಿಗೆ ಕೈಗೆತ್ತಿಕೊಂಡಿದೆ ಅಂದರೆ, ಪ್ರತಿಯೊಂದಕ್ಕೂ ಸರಾಸರಿ 3 ವಾರ. ಅದೇ ಜನ, ಅದೇ ವೇಗ, ಆದರೆ ಒಮ್ಮೆಗೆ 9 ಮಾತ್ರ ಅಂತ ಗೆರೆ ಹಾಕಿಕೊಂಡರೆ ಒಂದೂವರೆ ವಾರ. ಹಾಗಾಗಿ ಕೋಚ್ ಹೇಳಿಕೊಡುವ ಮೊದಲ ಪಾಠ: ಹೊಸದನ್ನು ಶುರು ಮಾಡಬೇಡಿ, ಶುರು ಮಾಡಿದ್ದನ್ನು ಮುಗಿಸಿ. ನಿಮ್ಮದು ಮುಗಿದರೆ ಪಕ್ಕದವರದ್ದು ನಿಂತಿದೆಯಾ ನೋಡಿ, ಅದಕ್ಕೆ ಕೈಜೋಡಿಸಿ.

ಕೇಳೋಕೆ ಸುಲಭ. ಕಷ್ಟ ಇರೋದು ಮ್ಯಾನೇಜರ್ ಹತ್ತಿರ. ಯಾರೋ ಒಬ್ಬರು ಅರ್ಧ ದಿನ ಖಾಲಿ ಕಂಡರೆ ಅವರಿಗೆ ನಿದ್ದೆ ಬರಲ್ಲ. ಅದರಲ್ಲೂ ಬೆಂಗಳೂರಿನ ಸೇವಾ ಕಂಪನಿಗಳಲ್ಲಿ ಎಷ್ಟೋ ಕಡೆ ಗ್ರಾಹಕರಿಗೆ ಬಿಲ್ ಹೋಗೋದೇ ತಲೆ ಮತ್ತು ಗಂಟೆ ಲೆಕ್ಕದಲ್ಲಿ. ಕಾಯುವಿಕೆ ಕಡಿಮೆಯಾದರೆ ಕಂಪನಿಗೆ ಲಾಭವಾ ಅನ್ನೋದೇ ಅನುಮಾನ! ಎಲ್ಲರೂ ಸದಾ ಬ್ಯುಸಿ ಇರಬೇಕು ಅನ್ನುವವರು ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್‌ಗೆ ಹೋಗಿ ನೋಡಬೇಕು. ರಸ್ತೆ ಪೂರ್ತಿ ಬಳಕೆಯಲ್ಲಿರುತ್ತೆ, ಒಂದಿಂಚೂ ಖಾಲಿ ಇಲ್ಲ. ಮನೆ ಮಾತ್ರ ಯಾರೂ ಸೇರಿರಲ್ಲ.

ಜನ ಹೆಚ್ಚಿಸಿದರೆ? ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತೆ ಅಂತ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು.

‘ಬೇಗ ಮಾಡಿದರೆ ಕೆಡುತ್ತೆ’ ಅನ್ನೋ ವಾದವೂ ಇದೆ. ನಿಕೋಲ್ ಫೋರ್ಸ್‌ಗ್ರೆನ್ ಮತ್ತು ಸಂಗಡಿಗರು ವರ್ಷಗಟ್ಟಲೆ ಸಮೀಕ್ಷೆ ಮಾಡಿ 2018ರಲ್ಲಿ ಪುಸ್ತಕವಾಗಿ ತಂದ ಕೆಲಸ ಇದಕ್ಕೆ ಉಲ್ಟಾ ಹೇಳುತ್ತೆ. ಅವರು ನೋಡಿದ್ದು ನಾಲ್ಕು ಅಳತೆ: ಎಷ್ಟು ಸಲ ಬಿಡುಗಡೆ ಮಾಡ್ತೀರಿ, ಒಂದು ಬದಲಾವಣೆ ಬಳಕೆದಾರರನ್ನು ಮುಟ್ಟಲು ಎಷ್ಟು ಹೊತ್ತು, ಅದರಲ್ಲಿ ಎಷ್ಟು ಕೆಡುತ್ತೆ, ಕೆಟ್ಟರೆ ಎಷ್ಟು ಬೇಗ ಸರಿಮಾಡ್ತೀರಿ. ವೇಗದಲ್ಲಿ ಮುಂದಿದ್ದ ಟೀಮ್‌ಗಳೇ ಸ್ಥಿರತೆಯಲ್ಲೂ ಮುಂದಿದ್ದವು. ಕಾರಣ ದೊಡ್ಡದೇನಲ್ಲ. ಇಪ್ಪತ್ತು ಸಾಲು ಬದಲಾಯಿಸಿ ಬಿಟ್ಟಿದ್ದು ಕೆಟ್ಟರೆ ಎಲ್ಲಿ ಕೆಟ್ಟಿತು ಅಂತ ತಕ್ಷಣ ಗೊತ್ತಾಗುತ್ತೆ. ಮೂರು ತಿಂಗಳ ಕೆಲಸವನ್ನು ಒಂದೇ ರಾತ್ರಿ ಬಿಟ್ಟರೆ ಇಡೀ ಆಫೀಸು ಬೆಳಗಿನವರೆಗೆ ಹುಡುಕಬೇಕು.

ಆದರೆ ಇವೇ ಅಳತೆಗಳು ಅಪ್ರೈಸಲ್ ಶೀಟಿಗೆ ಹೋದವೋ, ಕಥೆ ಮುಗೀತು. ‘ಸ್ಟೋರಿ ಪಾಯಿಂಟ್’ ನೋಡಿ. ಕೆಲಸದ ಗಾತ್ರ ಅಂದಾಜು ಮಾಡಲು ಟೀಮ್ ತನಗಾಗಿ ಇಟ್ಟುಕೊಂಡ ಸಂಖ್ಯೆ ಅದು. ಮ್ಯಾನೇಜರ್ ಅದನ್ನು ಗುರಿಯಾಗಿಸಿ, ‘ಆ ಟೀಮ್ 40 ಮಾಡಿದೆ, ನಿಮ್ಮದ್ಯಾಕೆ 25?’ ಅಂತ ಕೇಳಿದ ದಿನವೇ ನಿನ್ನೆಯ 3 ಪಾಯಿಂಟಿನ ಕೆಲಸ ಇವತ್ತು 5 ಆಗುತ್ತೆ. ಬಹುಶಃ ಇದನ್ನು ಹುಟ್ಟುಹಾಕಿದವನೇ ನಾನು ಅನ್ನುವ ರಾನ್ ಜೆಫ್ರೀಸ್, ಹಾಗಿದ್ದರೆ ಕ್ಷಮಿಸಿ ಅಂತ ಬಹಿರಂಗವಾಗಿಯೇ ಬರೆದುಕೊಂಡಿದ್ದಾರೆ.

ಎರಡು ವಾರಕ್ಕೊಮ್ಮೆ ನಡೆಯುವ ‘ರೆಟ್ರೋ’ ಸಭೆಯದ್ದೂ ಇದೇ ಪಾಡು. ಏನು ಕೆಟ್ಟಿತು, ಏನು ಬದಲಾಯಿಸೋಣ ಅಂತ ಮುಕ್ತವಾಗಿ ಮಾತಾಡಬೇಕಾದ ಜಾಗ ಅದು. ರೇಟಿಂಗ್ ಕೊಡುವ ಮ್ಯಾನೇಜರ್ ಎದುರಿಗೆ ಕೂತಿದ್ದರೆ, ಪ್ರೊಬೇಷನ್‌ನಲ್ಲಿರುವ ಹುಡುಗ ‘ಡೆಡ್‌ಲೈನೇ ತಪ್ಪಾಗಿತ್ತು’ ಅಂತಾನಾ? ಗೂಗಲ್ ತನ್ನದೇ ಟೀಮ್‌ಗಳನ್ನು ಅಧ್ಯಯನ ಮಾಡಿದಾಗ, ಯಾರು ಎಷ್ಟು ಜಾಣರು ಅನ್ನೋದಕ್ಕಿಂತ ಭಯವಿಲ್ಲದೆ ಮಾತಾಡಬಹುದಾ ಅನ್ನೋದೇ ಮುಖ್ಯ ಅಂತ ಕಂಡುಬಂತು. ಪ್ರಶ್ನೆ ಕೇಳಿದವರನ್ನು ಪಿಐಪಿಗೆ ಹಾಕುವ ಕಂಪನಿಗೆ ಎಂಥ ಕೋಚ್ ಬಂದರೂ ಅಷ್ಟೇ.

ತಮಾಷೆ ಅಂದ್ರೆ, ಈ ಪದ್ಧತಿಗಳ ತಾಯಿಬೇರುಗಳಲ್ಲೊಂದಾದ ‘ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್’ನ ಮೂಲ 12 ನಿಯಮಗಳಲ್ಲಿ ಒಂದು ‘40 ಗಂಟೆಯ ವಾರ’. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ರೂಪಿಸಿದ ಅಜೈಲ್ ಪ್ರಣಾಳಿಕೆಯ ತತ್ವಗಳಲ್ಲೂ, ಎಷ್ಟು ಕಾಲವಾದರೂ ಉಳಿಸಿಕೊಳ್ಳಬಹುದಾದ ಗತಿಯಲ್ಲೇ ಕೆಲಸ ಸಾಗಬೇಕು ಅಂತಿದೆ. ಕಂಪನಿಗಳು ಸ್ಟ್ಯಾಂಡ್‌ಅಪ್ ಮೀಟಿಂಗ್ ತಂದವು, ಬೋರ್ಡ್ ತಂದವು, ಸ್ಟಿಕ್ಕರ್ ಚೀಟಿ ತಂದವು. ಈ ನಿಯಮ ಮಾತ್ರ ದಾರಿಯಲ್ಲೇ ಎಲ್ಲೋ ಬಿದ್ದುಹೋಯ್ತು.

ನಿಮ್ಮ ಆಫೀಸಿಗೂ ಕೋಚ್ ಬರ್ತಿದ್ದಾರೆ ಅಂದರೆ ಮೊದಲ ದಿನವೇ ಎರಡು ವಿಷಯ ಕೇಳಿ. ನಮ್ಮ ಕೆಲಸ ಎಲ್ಲೆಲ್ಲಿ ಎಷ್ಟು ದಿನ ಕಾಯುತ್ತೆ ಅನ್ನೋದನ್ನು ಅಳೀತೀರಾ? ಅಳೆದ ಅಂಕಿ ಯಾರ ಕೈಗೆ ಹೋಗುತ್ತೆ, ನಮಗಾ, ಎಚ್‌ಆರ್‌ಗಾ?