ಓಲೆ ಚಿನ್ನದ್ದು, ತಿರುಪು ಯಾವುದರದ್ದು?

ಏಳು ವರ್ಷದ ಮಗಳ ಕಿವಿಹಾಲೆ ಕೆಂಪಾಗಿ, ತುರಿಸಿ ತುರಿಸಿ ನೀರೂರತೊಡಗಿದಾಗ ನಮ್ಮ ಮನೆಯಲ್ಲಿ ಪ್ರತಿಯೊಬ್ಬರೂ ಒಂದೊಂದು ಕಾರಣ ಹೇಳಿದರು. ಹಾಸನದಿಂದ ಅಮ್ಮ ಫೋನಿನಲ್ಲೇ ತೀರ್ಪು ಕೊಟ್ಟರು: 'ಆ ಚೆನ್ನೈ ಸೆಕೆ ಕಣೋ. ಬೆವರಿ ಬೆವರಿ ಮಗುಗೆ ಹಂಗಾಗಿದೆ. ಕೊಬ್ಬರಿ ಎಣ್ಣೆ ಹಚ್ಚು.' ಹೆಂಡತಿಗೆ ಭರತನಾಟ್ಯ ಕ್ಲಾಸಿನ ವಾರ್ಷಿಕೋತ್ಸವಕ್ಕೆ ಬಾಡಿಗೆಗೆ ತಂದಿದ್ದ ಟೆಂಪಲ್ ಜ್ಯುವೆಲ್ಲರಿ ಸೆಟ್ಟಿನ ಮೇಲೆ ಅನುಮಾನ. ನನಗೆ ಮಾತ್ರ ಒಂದು ವಿಷಯ ಖಚಿತವಿತ್ತು. ದಿನವೂ ಹಾಕುವ ಓಲೆಯದ್ದು ತಪ್ಪಿಲ್ಲ. ಅದು ಕಿವಿ ಚುಚ್ಚಿಸಿದಾಗ ಅಮ್ಮ ಮಾಡಿಸಿಕೊಟ್ಟ 22 ಕ್ಯಾರೆಟ್ ಚಿನ್ನ.

ಚರ್ಮದ ಡಾಕ್ಟರು ಕಿವಿಯನ್ನು ಮಡಚಿ ನೋಡಿದರು. ಮುಂದೆ ಏನೂ ಇಲ್ಲ, ಹುಣ್ಣು ಹಿಂಬದಿಯಲ್ಲಿ ಮಾತ್ರ. 'ತಿರುಗಾಣಿ ಬದಲಾಯಿಸಿದ್ದೀರಾ?' ತಿರುಗಾಣಿ ಎಂದರೆ ನಮ್ಮ ತಿರುಪು. ಬದಲಾಯಿಸಿದ್ದೆವು. ಶಾಲೆಯಲ್ಲಿ ಒಂದು ತಿರುಪು ಕಳೆದಿತ್ತು. ಊರಿಗೆ ಹೋದಾಗ ಚಿನ್ನದ್ದೇ ಮಾಡಿಸೋಣ, ಅಲ್ಲಿಯವರೆಗೆ ಇರಲಿ ಎಂದು ಫ್ಯಾನ್ಸಿ ಸ್ಟೋರಿನಿಂದ ಇಪ್ಪತ್ತು ರೂಪಾಯಿಗೆ ಒಂದು ಜೊತೆ ತಂದು ಹಾಕಿದ್ದೆ. ನಾನೇ. ಡಾಕ್ಟರು ಮಗಳ ಹೊಕ್ಕುಳ ಕೆಳಗೂ ನೋಡಿದರು. ಜೀನ್ಸ್ ಗುಂಡಿ ತಾಗುವ ಜಾಗದಲ್ಲಿ ರೂಪಾಯಿ ಅಗಲದ ಒರಟು ಕಲೆ. ನಾವು ಅದನ್ನು ಹುಳುಕಡ್ಡಿ ಅಂದುಕೊಂಡು ಮುಲಾಮು ಹಚ್ಚುತ್ತಿದ್ದೆವು.

ನಿಕ್ಕಲ್ ಅಲರ್ಜಿ. ಆ ಹೆಸರು ಕೇಳಿ ನಾಚಿಕೆಯಾಯಿತು, ಏಕೆಂದರೆ ನಾನು ಅನ್ನ ತಿನ್ನುವುದೇ ನಿಕ್ಕಲ್‌ನಿಂದ. ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಬೈಕಿನ ಭಾಗಗಳಿಗೆ ಲೇಪ ಹಾಕಿಸುವ ಕೆಲಸ ನನ್ನದು. ಗಿಲೀಟು ಒಡವೆಯ ಕಥೆಯೂ ಹೆಚ್ಚುಕಡಿಮೆ ಅದೇ. ಕೆಳಗೆ ಹಿತ್ತಾಳೆ, ಅದರ ಮೇಲೆ ಹೊಳಪಿಗಾಗಿ ಮತ್ತು ತಾಮ್ರ ಮೇಲೆ ಬರದಿರಲೆಂದು ಅನೇಕ ಬಾರಿ ನಿಕ್ಕಲ್, ಅದರ ಮೇಲೆ ಕಣ್ಣಿಗೆ ಕಾಣುವಷ್ಟೇ ಚಿನ್ನ. ಆ ಚಿನ್ನ ಸವೆದರೆ ಬೆವರಿನ ಉಪ್ಪು ನಿಕ್ಕಲ್ ಅನ್ನು ಕರಗಿಸಿ ಚರ್ಮಕ್ಕೆ ಇಳಿಸುತ್ತದೆ. ಹಾಗಾಗಿ ಅಮ್ಮ ಸೆಕೆಯನ್ನು ಬೈದದ್ದರಲ್ಲಿ ತಪ್ಪಿರಲಿಲ್ಲ. ಒಮ್ಮೆ ಮೈ ಇದನ್ನು ಶತ್ರುವೆಂದು ಗುರುತಿಟ್ಟುಕೊಂಡರೆ ಸಾಮಾನ್ಯವಾಗಿ ಜೀವನಪೂರ್ತಿ ಮರೆಯುವುದಿಲ್ಲ. ಜೊತೆಗೆ ತುರಿಕೆ ಶುರುವಾಗುವುದು ತಾಗಿದ ಒಂದೆರಡು ದಿನಕ್ಕೆ. ಅಷ್ಟರಲ್ಲಿ ಒಡವೆ ಡಬ್ಬಿ ಸೇರಿರುತ್ತದೆ, ನಾವು ಹೊಸ ಸೋಪನ್ನು ಬೈಯುತ್ತಿರುತ್ತೇವೆ.

ಖಚಿತಪಡಿಸಿಕೊಳ್ಳಲು ಪ್ಯಾಚ್ ಟೆಸ್ಟ್ ಆಯಿತು. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ನೀರು ತಾಗಿಸುವಂತಿಲ್ಲ, ಬೆವರುವಂತಿಲ್ಲ. ಮೇ ತಿಂಗಳ ಚೆನ್ನೈಯಲ್ಲಿ! ಪಟ್ಟಿ ತೆಗೆದಾಗ ನಿಕ್ಕಲ್ ಇಟ್ಟ ಜಾಗ ಮಾತ್ರ ಕೆಂಪಗೆ ಊದಿತ್ತು.

ಆ ಭಾನುವಾರ ಮಗಳನ್ನು ಪಕ್ಕದ ಮನೆಗೆ ಕಳಿಸಿ, ಪೇಪರ್ ಹಾಸಿ, ಅವಳ ಒಡವೆಗಳನ್ನೆಲ್ಲ ಹರಡಿಕೊಂಡು ಕೂತೆ. ನಿಕ್ಕಲ್ ಪತ್ತೆಗೆ ನಮ್ಮ ಕೆಲಸದಲ್ಲಿ ಬಳಸುವ ಡೈಮೀಥೈಲ್‌ಗ್ಲೈಆಕ್ಸೀಮ್ ದ್ರಾವಣ ತಂದಿದ್ದೆ. ಹತ್ತಿಕಡ್ಡಿಗೆ ಎರಡು ಹನಿ ಹಾಕಿ ಉಜ್ಜಿದಾಗ ಹತ್ತಿ ಗುಲಾಬಿಯಾದರೆ ನಿಕ್ಕಲ್ ಬಿಡುತ್ತಿದೆ ಎಂದರ್ಥ. ಫ್ಯಾನ್ಸಿ ಸ್ಟೋರಿನ ತಿರುಪು ಗುಲಾಬಿ. ಜೀನ್ಸ್ ಗುಂಡಿ ಗುಲಾಬಿ. ಜರ್ಮನ್ ಸಿಲ್ವರ್ ಜುಮುಕಿಯಂತೂ ಕಡುಗುಲಾಬಿ. ಹೆಸರಿನಲ್ಲಷ್ಟೇ ಬೆಳ್ಳಿ, ಇರುವುದು ತಾಮ್ರ, ಸತು, ನಿಕ್ಕಲ್. ಬೆಳ್ಳಿ ಗೆಜ್ಜೆ ಪಾಸಾಯಿತು, ಅಮ್ಮನ ಓಲೆಯೂ ಪಾಸಾಯಿತು.

ಅಂಗಡಿಗೆ ಹೋದರೆ ಈಗ 'ಹೈಪೋಅಲರ್ಜೆನಿಕ್' ಎಂದು ಬರೆದ ಮಕ್ಕಳ ಓಲೆಗಳು ಸಿಗುತ್ತವೆ. ಆ ಪದವೊಂದನ್ನೇ ನಂಬಿ ದುಡ್ಡು ಕೊಡಬೇಡಿ. ಚುಚ್ಚಿದ ತೂತಿನಲ್ಲಿ ಕೂರುವ ಕಡ್ಡಿ ವಾರಕ್ಕೆ ಚದರ ಸೆಂ.ಮೀ.ಗೆ 0.2 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಬಿಡಬಾರದೆಂದು ಯುರೋಪಿನಲ್ಲಿ ಕಾನೂನಿದೆ. ಇಲ್ಲಿ ನಾವೇ ಕೇಳಬೇಕು: ಕಡ್ಡಿ ಯಾವ ಲೋಹ? ತಿರುಪು ಯಾವ ಲೋಹ? ಹಾಲ್‌ಮಾರ್ಕ್‌ನ 916 ಹೇಳುವುದು ಸಾವಿರಕ್ಕೆ 916 ಪಾಲು ಚಿನ್ನ ಎಂದು. ಉಳಿದ 84ರಲ್ಲಿ ಏನಿದೆ ಎಂದಲ್ಲ. ಸಾಮಾನ್ಯವಾಗಿ ಅದು ತಾಮ್ರ, ಬೆಳ್ಳಿ. ಆದರೆ 18 ಕ್ಯಾರೆಟ್ ಬಿಳಿ ಚಿನ್ನದ ಬಿಳುಪು ನಿಕ್ಕಲ್‌ನಿಂದ ಬಂದಿರಬಹುದು, ಪಲ್ಲೇಡಿಯಂನಿಂದಲೂ ಬಂದಿರಬಹುದು. ಸರ್ಜಿಕಲ್ ಸ್ಟೀಲ್‌ನಲ್ಲೂ ನಿಕ್ಕಲ್ ಇದೆ. ಅದು ಹೊರಗೆ ಬಿಡುವುದು ಬಹಳ ಕಡಿಮೆ. ಆದರೂ ಈಗಾಗಲೇ ಅಲರ್ಜಿಯಾದ ಮಗುವಿಗೆ ನಮ್ಮ ಡಾಕ್ಟರು ಬೇಡವೆಂದರು. ಟೈಟಾನಿಯಂ ಆಗಬಹುದು, ಹಗುರವೂ ಹೌದು. ಅಮ್ಮನ ಮುಂದೆ ಮಾತ್ರ ಆ ಹೆಸರು ಎತ್ತಿಲ್ಲ.

ಡ್ಯಾನ್ಸ್ ಬಿಡಿಸಬೇಕೇ ಎಂಬುದು ಮಗಳ ಚಿಂತೆ. ರಾತ್ರಿ ದೀಪ ಆರಿಸಿದ ಮೇಲೆ ಕೇಳಿದ್ದಳು. ಬಿಡಿಸಲಿಲ್ಲ. ಬಾಡಿಗೆ ಸೆಟ್ಟು ಬಿಟ್ಟು ಸ್ವಂತದ ಜಿಮಿಕಿ ಕೊಂಡು, ಮೈಲಾಪುರದ ಅಕ್ಕಸಾಲಿಗರಿಂದ ಅದಕ್ಕೆ ಬೆಳ್ಳಿಯ ಕಡ್ಡಿ, ಬೆಳ್ಳಿಯ ತಿರುಪು ಹಾಕಿಸಿದೆವು. ಬೈತಲೆಬೊಟ್ಟಿನ ಹಿಂಬದಿಗೆ ಹೆಂಡತಿ ಹತ್ತಿಬಟ್ಟೆ ಹೊಲಿದಳು. ಕುಣಿದು ಮುಗಿದ ತಕ್ಷಣ ಎಲ್ಲ ಬಿಚ್ಚುವುದು, ಬೆವರು ಒರೆಸುವುದು.

ಕಳೆದ ವಾರ ಊರಿನಿಂದ ಬಂದ ಭಾವಮೈದುನನ ಕೈಯಲ್ಲಿ ಅಮ್ಮ ಒಂದು ಪುಟ್ಟ ಪೊಟ್ಟಣ ಕಳಿಸಿದ್ದರು. ಒಳಗೆ ಚಿನ್ನದ ತಿರುಪು, ಎರಡು ಜೊತೆ. 'ಒಂದು ಕಳೆದ್ರೆ ಮತ್ತೆ ಅಂಗಡೀಗೆ ಓಡ್ತೀಯ, ನಂಗೊತ್ತು' ಎಂದರು ಫೋನಿನಲ್ಲಿ. ಪೊಟ್ಟಣದ ಜೊತೆ ಅರ್ಧ ಲೀಟರ್ ಕೊಬ್ಬರಿ ಎಣ್ಣೆಯೂ ಇತ್ತು.