ಗದುಗಿನ ಗುರು, ಢಾಕಾದ ಶಿಷ್ಯರು

ಕಡಲೆ ಕಿತ್ತ ಎರೆ ಹೊಲದಲ್ಲಿ ಕ್ರಿಕೆಟ್ ಆಡಿ ಬೆಳೆದ ಮೊರಬದ ನಮ್ಮಂಥವರಿಗೆ ಸುನೀಲ್ ಜೋಶಿ ಅಂದರೆ ಒಂದೇ ಲೆಕ್ಕ: 10 ಓವರ್, 6 ಮೇಡನ್, 6 ರನ್, 5 ವಿಕೆಟ್. 1999ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ 117ಕ್ಕೆ ಮುಗ್ಗರಿಸಿದ ದಿನದ ಲೆಕ್ಕ ಅದು. ನನ್ನನ್ನು ಅದಕ್ಕಿಂತ ಹೆಚ್ಚು ಕಾಡುವುದು ಢಾಕಾದ ಕತೆ.

2000ದ ನವೆಂಬರ್. ಭಾರತದ ಎದುರು ಬಾಂಗ್ಲಾದೇಶಕ್ಕೆ ಚೊಚ್ಚಲ ಟೆಸ್ಟ್. ಮೊದಲ ಸರದಿಯಲ್ಲೇ ತಂಡ 400 ರನ್ ಪೇರಿಸಿತ್ತು, ಊರೆಲ್ಲ ಹಬ್ಬದಲ್ಲಿತ್ತು. ಆ ಸರದಿಯ ಐದು ವಿಕೆಟ್ ಜೋಶಿ ಅವರವು. ಬ್ಯಾಟ್ ಹಿಡಿದು ನಿಂತು 92 ಹೊಡೆದರು. ಎರಡನೇ ಸರದಿಯಲ್ಲಿ ಮತ್ತೆ ಮೂರು ವಿಕೆಟ್. ಬಾಂಗ್ಲಾ 91ಕ್ಕೆ ಆಲೌಟ್. ಪಂದ್ಯಶ್ರೇಷ್ಠ ಪ್ರಶಸ್ತಿ ಗದುಗಿನ ಈ ಎಡಗೈ ಸ್ಪಿನ್ನರ್‌ಗೇ ಬಂತು.

ಹಬ್ಬ ಕೆಡಿಸಿದ ಆ ಕೈಯನ್ನು ಬಾಂಗ್ಲಾ ಮರೆಯಲಿಲ್ಲ. 2017ರಲ್ಲಿ ಅವರನ್ನೇ ಕರೆಸಿ, ತನ್ನ ಸ್ಪಿನ್ನರ್‌ಗಳನ್ನು ಅವರ ಕೈಗೆ ಒಪ್ಪಿಸಿತು. ಅಷ್ಟರೊಳಗೆ ಅವರು ಕೋಚ್ ಆಗಿ ಹಲವು ಊರಿನ ನೀರು ಕುಡಿದಿದ್ದರು. ಒಮಾನ್‌ಗೂ ಸ್ಪಿನ್ ಕಲಿಸಿದ್ದರು. ಅವರ ಗರಡಿಯ ಜಮ್ಮು-ಕಾಶ್ಮೀರ ತಂಡ 2014ರ ಡಿಸೆಂಬರ್‌ನಲ್ಲಿ ವಾಂಖೆಡೆಗೇ ಹೋಗಿ ರಣಜಿಯಲ್ಲಿ ಮುಂಬೈಯನ್ನು ಮಣಿಸಿತ್ತು.

2018ರ ಕೊನೆಗೆ ವೆಸ್ಟ್ ಇಂಡೀಸ್ ಬಾಂಗ್ಲಾಕ್ಕೆ ಬಂತು. ಎರಡು ಟೆಸ್ಟ್, 40 ವಿಕೆಟ್. ನಲವತ್ತೂ ಬಾಂಗ್ಲಾ ಸ್ಪಿನ್ನರ್‌ಗಳ ಪಾಲು. ಢಾಕಾದ ಮೀರ್‌ಪುರದಲ್ಲಂತೂ ತಂಡದಲ್ಲಿ ಒಬ್ಬ ವೇಗಿಯೂ ಇರಲಿಲ್ಲ. ಮೆಹಿದಿ ಹಸನ್ ಒಬ್ಬರೇ 12 ವಿಕೆಟ್ ಕಿತ್ತರು. ಸ್ಕೋರ್ ಪಟ್ಟಿಯಲ್ಲಿ ಬೌಲರ್ ಹೆಸರಿಗೆ ಜಾಗವಿದೆ, ಕಲಿಸಿದವರ ಹೆಸರಿಗಿಲ್ಲ. 2019ರ ವಿಶ್ವಕಪ್ ಮುಗಿದಾಗ ಜೋಶಿ ಅವರ ಆ ಹೊಣೆಯೂ ಮುಗಿಯಿತು.

ಈ ಗುರುವಿನ ಮೊದಲ ಪಯಣ ನಮ್ಮ ನಡುವೆಯೇ ಸಾಗಿತ್ತು. ಶಾಲೆಯ ದಿನಗಳಲ್ಲಿ ನಸುಕಿಗೆ ಗದಗ ಬಿಟ್ಟು, ಹುಬ್ಬಳ್ಳಿಯಲ್ಲಿ ಅಭ್ಯಾಸ ಮುಗಿಸಿ, ಶಾಲೆಯ ಗಂಟೆಗೆ ಮತ್ತೆ ಗದುಗಿಗೆ. ಒಂದು ಕಡೆಗೇ ಸುಮಾರು 60 ಕಿಲೋಮೀಟರ್. ನಡುವೆ ಸಿಗುವುದು ನಮ್ಮ ಅಣ್ಣಿಗೇರಿ.

ನಾವು ಅವರ ಆರು ರನ್ನನ್ನು ಬಾಯಿಪಾಠ ಮಾಡಿದೆವು, ಅವರ ಕಲಿಸುವಿಕೆಯನ್ನು ಕೇಳಲೇ ಇಲ್ಲ. ಈ ಸಂಕಟ ನನಗಿದೆ. ಸೋತ ಢಾಕಾ ಸೋಲಿಸಿದವರನ್ನೇ ಗುರುವೆಂದು ಕರೆಯಿತು. ಮಗ್ಗುಲಲ್ಲೇ ಇದ್ದ ನಾವು ಚಪ್ಪಾಳೆ ತಟ್ಟಿ ಮನೆಗೆ ಹೋದೆವು.